ಎಣ್ಣಿ ಹಾಕಿದ್ವಿ, ಎಲ್ಲಾ ಸತ್ತಾವ

ಕಕ್ಕೇರಾ

ನಾನು ಹಾಲೆಂಡಿಗೆ ಹೊರಟಿದ್ದೇನೆಂದು ಗೊತ್ತಾದಾಗ ಕಕ್ಕೇರಾದಲ್ಲಿ ಯಾರೂ ಅಲ್ಲಿ ಏನೇನು ನೋಡುತ್ತೀ ಎಂದು ಕೇಳಲಿಲ್ಲ. ‘ಅಲ್ಲಿ ರೊಟ್ಟಿ ಸಿಗ್ತಾವೇನು?’ ಎಂದು ಕೇಳಿದರು. ಸಿಗುವುದಿಲ್ಲ ಎಂದಾಗ, ಇಷ್ಟು ಓದಿಯೂ ಇವಳಿಗೆ ಬುದ್ಧಿ ಬರಲಿಲ್ಲವಲ್ಲ ಎನ್ನುವಂತೆ ನನ್ನ ಮುಖ ನೋಡಿದರು.

ನಾನು ಶಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಭಾಗದ ಕುಸುಬಿ, ಅಗಸಿ, ಗುರೆಳ್ಳಿನ ಎಣ್ಣೆಯಲ್ಲಿ ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂದು ಅಳೆದು ಒಂದು ಸಣ್ಣ ಪ್ರಬಂಧ ಬರೆದಿದ್ದೆ. ಅದನ್ನು ಓದಿದವರು ಇಬ್ಬರೇ. ಒಬ್ಬರು ನಮ್ಮ ಪ್ರಿನ್ಸಿಪಾಲರು, ಅವರು ಓದಲೇಬೇಕಿತ್ತು. ಇನ್ನೊಬ್ಬಳು ಹಾಲೆಂಡಿನ ಮರೈಕೆ. ಅವಳು ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಗಾಜಿನ ಬಟ್ಟಲುಗಳಲ್ಲಿ ಬೆಳೆಸಿ, ನಾವು ತಿನ್ನುವ ಕೊಬ್ಬು ಅವುಗಳ ಮೇಲೆ ಏನು ಮಾಡುತ್ತದೆಂದು ನೋಡುವವಳು. ಮೂರು ವಾರ ಬಂದು ಕಲಿತು ಹೋಗು ಎಂದು ಪತ್ರ ಬರೆದಳು. ನಾನು ಆ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಏಳು ಸಲ ಓದಿದೆ, ಎರಡು ಸಲ ಗಟ್ಟಿಯಾಗಿ.

ಕುಣಿಯುವಷ್ಟು ಖುಷಿ ಇದ್ದರೂ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ನನ್ನ ಅಕ್ಕ ನೀಲಮ್ಮ ಕಕ್ಕೇರಾದಲ್ಲಿ ಒಕ್ಕಲುತನ ಮಾಡುವವಳು. ಆ ವರ್ಷವೇ ಸೊಲ್ಲಾಪುರದ ದವಾಖಾನೆಯಲ್ಲಿ ಅವಳ ಎದೆಯ ಗಡ್ಡೆ ತೆಗೆದಿದ್ದರು. ಆಮೇಲೆ ಆರು ಸಲ ಔಷಧಿಯ ಸಲಾಯಿನ್ ಏರಿಸಬೇಕಿತ್ತು. ನಾಲ್ಕು ಮುಗಿದಿದ್ದವು, ಐದನೆಯದು ನಾನು ವಾಪಸು ಬರುವ ವಾರದಲ್ಲಿತ್ತು. ತಲೆಗೂದಲು ಹೋಗಿತ್ತು, ನಾಲಿಗೆಗೆ ರುಚಿ ಹೋಗಿತ್ತು. ಎಣ್ಣೆಯಿಂದ ಗಡ್ಡೆ ಬೆಳೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ಒಗ್ಗರಣೆಯನ್ನೂ ಬಿಟ್ಟು ನೀರು ನೀರು ಬ್ಯಾಳಿ ಉಣ್ಣುತ್ತಿದ್ದಳು.

‘ಯಾವ ಎಣ್ಣಿ ತಿಂದಿದ್ದಕ್ಕ ಇದು ಬಂತು, ಯಾವ ಎಣ್ಣಿ ತಿಂದ್ರ ಹೋಗ್ತದ, ಇಷ್ಟು ಕೇಳ್ಕೊಂಡು ಬಾ,’ ಎಂದಳು ಅಕ್ಕ. ‘ಗೊಂಬಿ ಗಿಂಬಿ ಏನೂ ತರಬ್ಯಾಡ.’

ಪ್ರತಿ ಭಾನುವಾರ ಮಧ್ಯಾಹ್ನ ಖಾಜಾಸಾಬರ ಎಸ್‌ಟಿಡಿ ಬೂತಿಗೆ ನಾನು ಫೋನು ಮಾಡುವುದು, ಅಕ್ಕ ಅಲ್ಲಿ ಬಂದು ಕೂತಿರುವುದು ಎಂದು ಮಾತಾಯಿತು.

ಸ್ಖಿಪೋಲ್ ವಿಮಾನ ನಿಲ್ದಾಣ

ರೊಟ್ಟಿ ಸಿಗದ ನಾಡಿಗೆ ಅಕ್ಕ ಎರಡು ಕಿಲೋ ಅಗಸಿ ಹಿಂಡಿ ಕಟ್ಟಿಕೊಟ್ಟಿದ್ದಳು. ಹುರಿದ ಅಗಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕುಟ್ಟಿ ಮಾಡಿದ ಪುಡಿ. ವಿಮಾನದಲ್ಲಿ ಕೊಟ್ಟ ಫಾರ್ಮಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು? ನನ್ನ ಬಳಿ ಒಂದು ಪುಟ್ಟ ನಿಘಂಟಿತ್ತು. ‘ಹಿಂಡಿ’ ತೆಗೆದು ನೋಡಿದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ, ದನದ ಮೇವು ಎಂದು ಅರ್ಥ ಕೊಟ್ಟಿದ್ದರು. ನಮ್ಮಲ್ಲಿ ಎಮ್ಮೆ ತಿನ್ನುವುದೂ ಹಿಂಡಿಯೇ, ನಾವು ತಿನ್ನುವುದೂ ಹಿಂಡಿಯೇ, ಗೊಂದಲವೇ ಆಗುವುದಿಲ್ಲ. ಆದರೆ ನಿಘಂಟು ಬರೆದ ಪುಣ್ಯಾತ್ಮ ರೊಟ್ಟಿಯ ಜೊತೆ ಹಿಂಡಿ ಕಲಸಿಕೊಂಡು ಉಂಡವನಲ್ಲ. ನಾನು ನಿಘಂಟನ್ನು ನಂಬಿ ಎರಡು ಕಿಲೋ ದನದ ಮೇವು ಎಂದು ಬರೆದು ರುಜು ಹಾಕಿದೆ.

ಕಸ್ಟಮ್ಸಿನವನು ಫಾರ್ಮು ನೋಡಿದ, ನನ್ನ ಇಳಕಲ್ ಸೀರೆ ನೋಡಿದ. ‘ನಿಮ್ಮ ದನ ಎಲ್ಲಿ?’ ಎಂದು ಕೇಳಿದ.

‘ದನ ಇಲ್ಲ, ನಾನೇ ತಿನ್ನುತ್ತೇನೆ,’ ಎಂದೆ.

ಅವನು ಇನ್ನಿಬ್ಬರನ್ನು ಕರೆದ. ಅವರು ಒಂದು ನಾಯಿಯನ್ನು ಕರೆದರು. ನಾಯಿ ಗಂಟಿನ ಬಾಯಿಗೆ ಮೂಗು ಇಟ್ಟು ಆರು ಸಲ ಸೀನಿ, ಕಸ್ಟಮ್ಸಿನವನ ಕಾಲ ಹಿಂದೆ ಹೋಗಿ ಕೂತಿತು. ಕೊನೆಗೆ ಅವನೇ ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಚಿಟಿಕೆ ಹಾಕಿಕೊಂಡ. ಆಮೇಲೆ ಫಾರ್ಮಿನ ಮೇಲೆ ಠಸ್ಸೆಂದು ಠಸ್ಸೆ ಹೊಡೆದ. ನಾನು ತಲೆ ಎತ್ತಿಕೊಂಡು ಹಾಲೆಂಡಿಗೆ ಕಾಲಿಟ್ಟೆ.

ಖ್ರೋನಿಂಗೆನ್

ನಾನು ಇಳಿದ ಊರಿನ ಹೆಸರಿನ ಮೊದಲ ಅಕ್ಷರವನ್ನು ಗಂಟಲಿನ ಕಫ ತೆಗೆಯುವಂತೆ ಹೇಳಬೇಕು. ಬೆಂಗಳೂರಿನವರು ಬಂದಿದ್ದರೆ ತಿಂಗಳು ಒದ್ದಾಡುತ್ತಿದ್ದರು. ಖಾಜಾಸಾಬರ ಉರ್ದು ಕೇಳಿ ಬೆಳೆದ ನನಗೆ ಮೊದಲ ಸಲಕ್ಕೇ ಬಂತು. ಮರೈಕೆ ಚಪ್ಪಾಳೆ ತಟ್ಟಿದಳು.

ಮರೈಕೆ ನನಗಿಂತ ಒಂದು ಗೇಣು ಎತ್ತರ, ಮಾತು ನೇರ. ಸ್ಟೇಷನ್ನಿನಲ್ಲಿ ನನ್ನನ್ನು ಕಂಡ ತಕ್ಷಣ ‘ನೀನು ಬಹಳ ಗಿಡ್ಡ ಇದ್ದೀ, ಲ್ಯಾಬಿನ ಮೇಜು ನಿಲುಕುವುದಿಲ್ಲ’ ಎಂದಳು. ನನಗೆ ತವರಿಗೆ ಬಂದಷ್ಟು ಹಿತವಾಯಿತು. ನಾವು ಯಾದಗಿರಿ ಕಡೆಯವರು ದಕ್ಷಿಣಕ್ಕೆ ಹೋದರೆ ಸುಮ್ಮನೆ ಟೈಮ್ ಕೇಳಿದರೂ ಇವರು ಜಗಳಕ್ಕೆ ಬಂದಿದ್ದಾರೆಂದು ಅಲ್ಲಿಯವರು ಹೆದರುತ್ತಾರೆ. ಇಲ್ಲಿ ಇಡೀ ದೇಶವೇ ಹಾಗೆ ಮಾತಾಡುತ್ತಿತ್ತು. ಅವಳು ನನ್ನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರೂ ಇನ್ನು ಮುಂದೆ ಅವಳ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ. ಗ್ರಂಥದ ಕನ್ನಡ ಅವಳ ಬಾಯಿಗೆ ಒಪ್ಪುವುದಿಲ್ಲ.

ಊರ ತುಂಬ ಕಾಲುವೆಗಳು, ದಂಡೆ ತನಕ ನೀರು. ನಮ್ಮ ಹೊಲಗಳಿಗೆ ಕೃಷ್ಣೆಯ ಕಾಲುವೆ ಬಂದು ಆಗ ಹತ್ತು ಹನ್ನೆರಡು ವರ್ಷ. ಕಾಲುವೆ ಕಂಡ ತಕ್ಷಣ ನಮ್ಮವರ ಬಾಯಲ್ಲಿ ಬರುವ ಮಾತೇ ನನ್ನ ಬಾಯಲ್ಲೂ ಬಂತು. ‘ಇದಕ್ಕೆ ನೀರು ಯಾವಾಗ ಬಿಡುತ್ತಾರೆ?’

ಮರೈಕೆ ನಿಂತುಬಿಟ್ಟಳು. ‘ಬಿಡೋದಾ? ಇಲ್ಲಿ ಯಾರೂ ನೀರು ಬಿಡಂಗಿಲ್ಲ. ಹಗಲೂ ರಾತ್ರಿ ಎತ್ತಿ ಎತ್ತಿ ಸಮುದ್ರಕ್ಕ ಚೆಲ್ಲತೀವಿ, ಇಲ್ಲಾಂದ್ರ ಮುಳುಗತೀವಿ.’

ನೀರನ್ನು ಹೊರಗೆ ಹಾಕಲು ಕಾಲುವೆ! ನಾನು ರಸ್ತೆಯಲ್ಲೇ ನಗತೊಡಗಿದೆ. ಕಾಲುವೆಯ ಕೊನೆಯ ಹೊಲಗಳವರು ನೀರಿಗಾಗಿ ಇಂಜಿನಿಯರರ ಆಫೀಸಿನ ಮುಂದೆ ಕೂರುವ ಕತೆ ಹೇಳಿದೆ. ಅವಳೂ ನಕ್ಕಳು. ಇಬ್ಬರೂ ನಗುತ್ತ ಅವಳ ತಾಯಿಯ ಮನೆ ಮುಟ್ಟಿದೆವು. ನನ್ನ ವಸತಿ ಅಲ್ಲಿಯೇ.

ಆ ತಾಯಿ ಒಳ್ಳೆಯಾಕೆ. ಚಹಾ ಕೊಟ್ಟು, ಬಿಸ್ಕೀಟಿನ ಡಬ್ಬಿ ತೆರೆದು ಮುಂದೆ ಹಿಡಿದರು. ನಾನು ಒಂದು ತೆಗೆದುಕೊಂಡೆ. ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು. ನಮ್ಮಲ್ಲಿ ಬ್ಯಾಡ ಬ್ಯಾಡ ಎಂದರೂ ತಾಟಿಗೆ ರೊಟ್ಟಿ ಬೀಳುತ್ತವೆ. ಬೇಕು ಎಂದು ಬಾಯಿ ಬಿಟ್ಟು ಕೇಳುವುದು ನನಗೆ ರೂಢಿಯೇ ಇರಲಿಲ್ಲ. ಮೂರು ದಿನ ಒಂದೊಂದೇ ಬಿಸ್ಕೀಟು ತಿಂದೆ. ನಾಲ್ಕನೆಯ ದಿನ ನಾನೇ ಎದ್ದು ಹೋಗಿ ಕಪಾಟಿನ ಡಬ್ಬಿ ತೆಗೆದೆ. ‘ಅಂತೂ ನೀನೇ ತೊಗೊಂಡಿಯಲ್ಲ,’ ಎಂದು ಮರೈಕೆಯ ತಾಯಿ ಖುಷಿಪಟ್ಟರು.

ಲ್ಯಾಬು, ಎರಡನೆಯ ಬುಧವಾರ

ಕ್ಯಾನ್ಸರಿನ ಕೋಶಗಳನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನನಗೆ ಸಿಟ್ಟು ಬಂತು. ಎಂದೋ ತೀರಿಕೊಂಡ ಯಾವಳೋ ಹೆಣ್ಣುಮಗಳ ಮೈಯಿಂದ ತೆಗೆದ ಕೋಶಗಳು, ಇನ್ನೂ ಹೊಟ್ಟೆ ತುಂಬ ಉಂಡು ಮಕ್ಕಳು ಮರಿ ಮಾಡಿಕೊಂಡು ಇದ್ದವು. ‘ನಾಚಿಕಿ ಇಲ್ಲೇನ್ರೇ ನಿಮಗ?’ ಎಂದು ಬೈದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದರಂತೆ.

ಕೆಲಸ ಹೇಳಲು ಸುಲಭ. ಜೀವಕೋಶವೊಂದು ತನ್ನ ಸುತ್ತಲಿನ ಗೋಡೆಯನ್ನು ಕೊಬ್ಬಿನಿಂದ ಕಟ್ಟಿಕೊಳ್ಳುತ್ತದೆ. ನಾವು ಯಾವ ಕೊಬ್ಬು ತಿನ್ನುತ್ತೇವೋ ಅದೇ ಒಂದಷ್ಟು ಆ ಗೋಡೆಗೆ ಹೋಗಿ ಸೇರುತ್ತದೆ. ಗೋಡೆ ಬದಲಾದರೆ ಕೋಶಕ್ಕೆ ಬರುವ ‘ಬೆಳಿ’, ‘ನಿಲ್ಲು’ ಎಂಬ ಸಂದೇಶಗಳೂ ಬದಲಾಗಬಹುದು. ಹಾಗಾಗಿ ಕೆಲವು ಬಟ್ಟಲಿಗೆ ಕುಸುಬಿ ಎಣ್ಣೆಯಲ್ಲಿ ತುಂಬಿರುವ ಲಿನೋಲಿಕ್ ಆಮ್ಲ, ಕೆಲವಕ್ಕೆ ಅಗಸಿಯಲ್ಲಿ ತುಂಬಿರುವ ಲಿನೋಲೆನಿಕ್ ಆಮ್ಲ, ಕೆಲವಕ್ಕೆ ಪಾಕೀಟಿನ ಪಾಮ್ ಎಣ್ಣೆಯಲ್ಲಿರುವ ಪಾಮಿಟಿಕ್ ಆಮ್ಲ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಒಂದಿಷ್ಟು ಸ್ಪಿರಿಟ್ಟಿನಲ್ಲಿ ಕರಗಿಸಿ ಹಾಕಬೇಕು. ಕೊನೆಯ ಸಾಲಿನ ಬಟ್ಟಲುಗಳಿಗೆ ಕೊಬ್ಬಿಲ್ಲದ ಬರೀ ಸ್ಪಿರಿಟ್ಟು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಮೂರು ದಿನ ಬಿಟ್ಟು ಎಣಿಸುವುದು.

ಆ ಬುಧವಾರ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹೋಗಿ ಅಗಸಿಯ ಬಟ್ಟಲನ್ನೇ ಮೊದಲು ನೋಡಿದೆ. ಕೋಶಗಳೆಲ್ಲ ಮುದುಡಿ, ತಳ ಬಿಟ್ಟು, ಹೆಣವಾಗಿ ತೇಲುತ್ತಿದ್ದವು. ಇನ್ನೊಂದು ಅಗಸಿ ಬಟ್ಟಲು ನೋಡಿದೆ, ಅದರಲ್ಲೂ ಹೆಣ. ಉಳಿದ ಬಟ್ಟಲುಗಳನ್ನು ನೋಡುವ ತಾಳ್ಮೆ ಯಾರಿಗಿತ್ತು? ಸೀರೆಯ ನಿರಿಗೆ ಎತ್ತಿ ಹಿಡಿದು ಫೋನಿನ ಕಡೆ ಓಡಿದೆ. ಅಂದು ಭಾನುವಾರವಲ್ಲ, ಅಕ್ಕ ಬೂತಿನಲ್ಲಿರಲಿಲ್ಲ.

‘ಖಾಜಾಸಾಬ್, ಅಕ್ಕಗ ಹೇಳ್ರಿ. ಅಗಸಿ ಎಣ್ಣಿ ಹಾಕಿದ್ವಿ, ಎಲ್ಲಾ ಸತ್ತಾವ!’

‘ಶಾಬಾಶ್! ಒಂದೂ ಉಳದಿಲ್ಲೇನ್ರಿ?’

‘ಒಂದೂ ಇಲ್ರಿ!’

‘ಲೀಟರಿಗಿ ಎಷ್ಟು ಹಾಕಿದ್ರಿ?’

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿದವರಲ್ಲ. ಸಂತೋಷದಿಂದ ಲೆಕ್ಕ ಒಪ್ಪಿಸಿದೆ.

‘ಪಂಪಿಲೆ ಹೊಡದ್ರೇನ್ರಿ?’

‘ಇಲ್ರಿ, ಪಿಪೆಟ್ಟಿಲೆ.’

‘ಹೊಸಾ ಮಶಿನ್ ಇರಬೇಕು. ಹತ್ತಿ ಹುಳಕ್ಕೂ ನಡಿತದೇನ್ರಿ?’

ಆಗ ನನಗೆ ಗೊತ್ತಾಯಿತು. ಕಾಲುವೆ ಬಂದು ಭತ್ತ, ಹತ್ತಿ ಬಂದ ಮೇಲೆ ನಮ್ಮಲ್ಲಿ ಹುಳಕ್ಕೆ ಹೊಡೆಯುವ ವಿಷಕ್ಕೂ ಎಣ್ಣಿ ಎಂದೇ ಹೆಸರು. ಖಾಜಾಸಾಬರು ಇಷ್ಟು ಹೊತ್ತು ಹೊಲದಲ್ಲಿ ನಿಂತು ಮಾತಾಡುತ್ತಿದ್ದರು. ಅಲ್ಲ ಅಲ್ಲ ಎನ್ನುವುದರೊಳಗೆ ಲೈನು ಹೋಯಿತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತ ಲ್ಯಾಬಿಗೆ ಮರಳಿದೆ.

ಮರೈಕೆ ನನ್ನ ಬಟ್ಟಲುಗಳ ಮುಂದೆ ಕೂತಿದ್ದಳು. ‘ಕಂಟ್ರೋಲ್ ನೋಡಿದಿಯೇನು?’

ನೋಡಿದೆ. ಅಗಸಿಯಿಲ್ಲ, ಕುಸುಬಿಯಿಲ್ಲ, ಪಾಮಿಲ್ಲ, ಅದರಲ್ಲೂ ಎಲ್ಲ ಸತ್ತಿದ್ದವು. ನಾನು ಸ್ಪಿರಿಟ್ಟನ್ನು ಹತ್ತು ಪಟ್ಟು ಹೆಚ್ಚು ಹಾಕಿದ್ದೆ.

‘ಎಣ್ಣಿ ಅಲ್ಲ, ಸೆರೆ ಕುಡಿಸಿ ಕೊಂದೀ,’ ಎಂದಳು ಮರೈಕೆ.

ನನ್ನ ನಗು ನಿಂತಿತು. ತಿರುಗಿ ಫೋನು ಮಾಡಿದೆ. ಆ ದಿನ, ಮರುದಿನ, ಅದರ ಮರುದಿನ. ಕಕ್ಕೇರಾದ ಲೈನು ಸತ್ತೇ ಇತ್ತು.

ಭಾನುವಾರದ ಫೋನು

ಲೈನು ಸಿಕ್ಕಿದ ಕೂಡಲೇ ಅಕ್ಕ ಶುರುಮಾಡಿದಳು. ಊರಲ್ಲಿ ಎರಡು ಪಾರ್ಟಿಗಳಾಗಿದ್ದವಂತೆ. ವಿದೇಶದ ಹುಳದ ಎಣ್ಣಿ ಬರುತ್ತದೆ, ದಯವಿಟ್ಟು ಕುಡಿಯಬೇಡ ಎಂದು ಅರ್ಧ ಊರು ಅವಳ ಕೈ ಹಿಡಿದಿತ್ತು. ಉಳಿದವರು ಅಗಸಿ ಎಣ್ಣೆ ಹುಡುಕಲು ಸುರಪುರದ ಸಂತೆಗೆ ಹೋಗಿದ್ದರು. ಒಬ್ಬ ತನ್ನ ಹತ್ತಿಗೇ ಹೊಡೆದಿದ್ದ, ಗಿಡ ಜಿಡ್ಡಾಗಿದ್ದವೇ ಹೊರತು ಹುಳ ಸತ್ತಿರಲಿಲ್ಲ.

‘ನಾ ಎರಡ್ ಚಮಚ ದಿನಾ ಕುಡಿಯಾಕತ್ತೀನಿ,’ ಎಂದಳು ಅಕ್ಕ. ‘ಇನ್ನ ಸೊಲ್ಲಾಪುರಕ್ಕ ಹೋಗೋದಿಲ್ಲ. ಭಾಳ ಹಗುರ ಆಗ್ಯಾದ ಜೀವಕ್ಕ.’

ಐದನೆಯ ಸಲಾಯಿನ್ ಬರುವ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರ. ನನ್ನ ತಪ್ಪನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಎಣ್ಣೆ ಹಾಕದ ಬಟ್ಟಲಿನಲ್ಲೂ ಸತ್ತಿದ್ದವು, ಅದನ್ನು ನೋಡದೆ ಫೋನು ಮಾಡಿಬಿಟ್ಟೆ ಎಂದೆ.

ಅಕ್ಕ ನಗಹತ್ತಿದಳು. ‘ಯವ್ವಾ, ಹೊಸಾ ಎಣ್ಣಿ ಹೊಡಿಬೇಕಾದ್ರ ನಾ ಒಂದ್ ಸಾಲು ಹಂಗ ಬಿಟ್ಟಿರ್ತೀನಿ. ಬಿಟ್ಟ ಸಾಲ್ನಾಗೂ ಹುಳ ಸತ್ರ ಅದು ಎಣ್ಣಿಗೆ ಸತ್ತಿದ್ದಲ್ಲ, ಮಳಿಗೆ ಸತ್ತಿದ್ದು. ಬಿಟ್ಟ ಸಾಲು ನೋಡ್ಲಾರದ ಊರಿಗೆಲ್ಲ ಹೇಳ್ತಾರೇನು? ಇದನ್ನ ಕಲಿಯಾಕ ವಿಮಾನ ಹತ್ತಿದಿ?’

ನಾನು ಶಹಾಪುರದ ಹುಡುಗರಿಗೆ ಕಂಟ್ರೋಲ್ ಎಂದರೇನೆಂದು ಹನ್ನೊಂದು ವರ್ಷ ಪಾಠ ಹೇಳಿದವಳು. ನಾಚಿಕೆಯಾದರೂ ಅಕ್ಕನ ಮೇಲೆ ಹೆಮ್ಮೆಯಾಯಿತು. ‘ಹಂಗಾದ್ರ ಸೊಲ್ಲಾಪುರಕ್ಕ ಹೋಗ್ತಿ ಹೌದಿಲ್ಲೋ?’ ಎಂದೆ.

‘ಇಲ್ಲ.’ ನಗು ಹೋಗಿತ್ತು. ‘ಕಾಲುವಿ ಬರೋಕಿನ ಮೊದಲ ಹೊಲದಾಗ ಕುಸುಬಿ, ಅಗಸಿ ಇರ್ತಿತ್ತು. ಗಾಣಕ್ಕ ಹಾಕಿಸಿ ಉಣ್ತಿದ್ವಿ. ನೀರು ಬಂತು, ನಾನೇ ಹಟ ಮಾಡಿ ಅವೆಲ್ಲಾ ತೆಗಿಸಿ ಭತ್ತ ಹಾಕಿಸಿದೆ. ಅಂಗಡ್ಯಾಗಿನ ಪಾಕೀಟಿನ ಎಣ್ಣಿ ತಂದೆ. ಸುಜಾತಾಗೂ ಅದನ್ನ ಉಣಿಸೀನಿ. ನನಗ ಬಂದಿದ್ದು ಬರ್ಲಿ. ನನ್ನ ಕೈಲೆ ನನ್ನ ಮಗಳಿಗೂ ಇದನ್ನ ಹಾಕೀನೇನು, ಅದನ್ನ ಹೇಳು ನೀ. ಮಾಡಿದ್ದು ನಾನೇ ಆದ್ರ ನನಗ ಯಾವ ದವಾಯೂ ಬ್ಯಾಡ.’

ಸುಜಾತಾ ಅವಳ ಒಬ್ಬಳೇ ಮಗಳು, ಆಗ ಹತ್ತನೆಯ ಇಯತ್ತೆ. ಫೋನಿಟ್ಟು ನಾನು ಕಾಲುವೆಯ ದಂಡೆಯ ಮೇಲೆ ಬಹಳ ಹೊತ್ತು ಕೂತೆ. ಅಕ್ಕ ಮೊದಲಿನಿಂದ ಎಣ್ಣೆಯ ಬಗ್ಗೆ ಕೇಳುತ್ತಿರಲೇ ಇಲ್ಲ ಎಂದು ಆಗ ತಿಳಿಯಿತು.

ಗಾಳಿಯ ಗಾಣ

ಎರಡನೆಯ ಪ್ರಯೋಗದ ಕೋಶಗಳು ಬೆಳೆಯುತ್ತಿದ್ದಾಗ, ಸುಮ್ಮನೆ ಲ್ಯಾಬಿನಲ್ಲಿ ಮುಖ ಜೋಲು ಹಾಕಿಕೊಂಡು ಕೂರಬೇಡ ಎಂದು ಮರೈಕೆ ನನ್ನನ್ನು ಹಳೆಯ ಗಾಳಿಯಂತ್ರ ನೋಡಲು ಕರೆದೊಯ್ದಳು. ಹೊರಗೆ ನಾಲ್ಕು ದೊಡ್ಡ ರೆಕ್ಕೆ ತಿರುಗುತ್ತಿದ್ದವು. ಒಳಗೆ ಹೋಗಿ ನೋಡಿದರೆ ಗಾಣ! ಎತ್ತಿಲ್ಲ, ಕರೆಂಟಿಲ್ಲ, ಗಾಳಿಯೇ ಕಲ್ಲು ತಿರುಗಿಸುತ್ತಿತ್ತು, ಕಲ್ಲಿನ ಕೆಳಗೆ ನಮ್ಮ ಅಗಸಿ ಅರೆಯುತ್ತಿತ್ತು. ಬಿಸಿ ಅಗಸಿಯ ವಾಸನೆಗೆ ನಾನು ಕುಣಿದೇಬಿಟ್ಟೆ. ಎಣ್ಣೆ ಇಳಿದ ಮೇಲೆ ಉಳಿದ ಚರಟವನ್ನು ಗಾಣದವನು ಕೈಗೆ ಕೊಟ್ಟು, ಇದನ್ನು ದನಕ್ಕೆ ಹಾಕುತ್ತೇವೆ ಎಂದ. ಅವನ ಮಾತು ಮುಗಿಯುವುದರೊಳಗೆ ನಾನು ಒಂದು ತುಂಡು ಮುರಿದು ತಿಂದಿದ್ದೆ. ಉಪ್ಪು ಖಾರ ಇದ್ದಿದ್ದರೆ ಇನ್ನೂ ತಿನ್ನುತ್ತಿದ್ದೆ. ನೋಡಲು ಬಂದಿದ್ದ ಶಾಲೆಯ ಮಕ್ಕಳು ತಮ್ಮ ಟೀಚರಿಗೆ ನನ್ನನ್ನು ತೋರಿಸಿದರು.

ಹೊರಗೆ ಹುಲ್ಲಿನ ಮೇಲೆ ಕೂತು ಅಕ್ಕನ ಪ್ರಶ್ನೆಯನ್ನು ಮರೈಕೆಗೆ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ.

‘ಬಟ್ಟಲದಾಗಿಂದು ಬಟ್ಟಲದಾಗ,’ ಎಂದಳು. ‘ಮನುಷ್ಯಾಳ ಮೈ ಬಟ್ಟಲಲ್ಲ. ಅದರಾಗ ಹಾರ್ಮೋನು, ವಯಸ್ಸು, ತಾಯಿ ತಂದಿಯಿಂದ ಬಂದಿದ್ದು, ನಮಗ ತಿಳಿಲಾರದ್ದು ನೂರು ಇರ್ತಾವ. ಒಂದ್ ಚಮಚ ಎಣ್ಣಿ ತೋರಿಸಿ ಇದಕ್ಕ ಬಂತು ನಿನಗ ಅಂತ ಒಬ್ಬಾಕಿಗೆ ಯಾರರೆ ಹೇಳಿದ್ರ ಅಂವ ಸುಳ್ಳ ಹೇಳಾಕತ್ತಾನ. ನಾ ತಲಿ ನೆರಿಯೋತನ ಇದನ್ನ ಮಾಡೀನಿ, ನನಗ ಗೊತ್ತಿಲ್ಲ. ಆಕಿಗೆ ಹೇಳು, ಒಗ್ಗರಣಿ ಹಾಕ್ಕೊಂಡು ಉಣ್ಣು, ಡೋಸ್ ತಪ್ಪಸಬ್ಯಾಡ.’

ಶನಿವಾರ ಕೋಶ ಎಣಿಸಿದೆವು. ಈ ಸಲ ಬಿಟ್ಟ ಸಾಲನ್ನೇ ಮೊದಲು ನೋಡಿದೆ, ಅವು ಆರಾಮಾಗಿದ್ದವು. ಕುಸುಬಿಯ ಆಮ್ಲ ಹಾಕಿದಲ್ಲಿ ಕೋಶಗಳು ತುಸು ಹೆಚ್ಚಾಗಿದ್ದವು, ಅಗಸಿಯದರಲ್ಲಿ ತುಸು ಕಡಿಮೆ. ಕುಣಿಯಬೇಕೆನ್ನುವಷ್ಟರಲ್ಲಿ ಮರೈಕೆ ಇನ್ನೊಂದು ಹೆಂಗಸಿನ ಗಡ್ಡೆಯಿಂದ ಬೆಳೆಸಿದ ಕೋಶಗಳ ಬಟ್ಟಲನ್ನು ಮುಂದಿಟ್ಟಳು. ಅಲ್ಲಿ ಕುಸುಬಿ, ಅಗಸಿ, ಏನು ಹಾಕಿದರೂ ಒಂದೇ. ನಮ್ಮ ಹಳೇ ಹೊಲದ ಎಣ್ಣೆ ಒಳ್ಳೆಯದು, ಹೊಸ ಪಾಕೀಟು ಕೆಟ್ಟದ್ದು ಎಂದು ಹೇಳಲೂ ಆ ಬಟ್ಟಲುಗಳು ಬಿಡಲಿಲ್ಲ.

ಕೊನೆಯ ಭಾನುವಾರ

‘ಅಕ್ಕಾ, ಗೊತ್ತಿಲ್ಲ,’ ಎಂದೆ.

‘ಯಾರಿಗೆ? ನಿನಗಾ?’

‘ಯಾರಿಗೂ.’

‘ಹಾಲೆಂಡಿನ್ಯಾಗ ಸುದ್ದಾ?’

‘ಹಾಲೆಂಡಿನ್ಯಾಗ ಸುದ್ದಾ. ನೀನೇ ಮಾಡಿದಿ ಅಂತ ಹೇಳಾಕ ಯಾರಿಗೂ ಬರಂಗಿಲ್ಲ. ನಿನಗೂ ಬರಂಗಿಲ್ಲ. ಸುಜಾತಾಗ ನೀ ಅನ್ನ ಉಣಿಸಿದಿ ಅಷ್ಟೇ.’

ಆ ಕಡೆ ಖಾಜಾಸಾಬರು ಯಾರಿಗೋ ಚುಪ್ ಎನ್ನುವುದು ಕೇಳಿಸಿತು. ಬಹುಶಃ ಇಡೀ ಬೂತು ಕಿವಿಗೊಟ್ಟಿತ್ತು.

‘ಮಂಗಳವಾರ ಹೋಗ್ತಿ ಏನಕ್ಕಾ?’

ಅವಳು ಏನೋ ಹೇಳಲು ಶುರುಮಾಡಿದಳು. ಲೈನು ಹೋಯಿತು. ಮತ್ತೆ ಸಿಗಲೇ ಇಲ್ಲ.

ಯಾದಗಿರಿ

ಮಂಗಳವಾರ ವಿಮಾನ ಹತ್ತಿದೆ. ಇಷ್ಟು ಹೊತ್ತಿಗೆ ಅವಳು ಸೊಲ್ಲಾಪುರದ ಮಂಚದ ಮೇಲಿರಬೇಕು, ಅಥವಾ ಭತ್ತದ ಗದ್ದೆಯ ಬದುವಿನಲ್ಲಿ. ಮುಂಬೈಯಿಂದ ರೈಲು ಹತ್ತಿದೆ. ಸೊಲ್ಲಾಪುರ ಸ್ಟೇಷನ್ ಬಂದಾಗ ಕಿಟಕಿಗೆ ಮುಖ ಒತ್ತಿ ಹುಚ್ಚಿಯಂತೆ ಪ್ಲಾಟ್‌ಫಾರ್ಮ್ ಎಲ್ಲ ನೋಡಿದೆ. ಎದುರಿಗೆ ಕೂತ ಹೆಂಗಸು ಯಾರನ್ನು ಹುಡುಕುತ್ತೀರಿ ಎಂದು ಕೇಳಿದಳು.

ಗುರುವಾರ ಯಾದಗಿರಿಯಲ್ಲಿ ಇಳಿದೆ. ಅಕ್ಕ ಬಂದಿದ್ದಳು. ಕಕ್ಕೇರಾದಿಂದ ಎರಡು ಬಸ್ಸು ಬದಲಿಸಿಕೊಂಡು, ಸುಜಾತಾಳ ಹೆಗಲು ಹಿಡಿದುಕೊಂಡು. ತಲೆಯ ಮೇಲೆ ಸೆರಗು, ಮುಖ ಬಿಳಿಚಿತ್ತು, ಇನ್ನೂ ಸೊರಗಿದ್ದಳು. ಸೊರಗುವುದಕ್ಕೆ ಯಾವ ಕಾರಣವೂ ಇರಬಹುದು. ಕೇಳಲು ನನಗೆ ಧೈರ್ಯವಾಗಲಿಲ್ಲ. ವಿಮಾನದ ಊಟ, ರೈಲಿನ ಗದ್ದಲ ಎಂದು ಏನೇನೋ ಮಾತಾಡಿದೆ.

‘ಸುಮ್ನಿರು,’ ಎಂದು ಅಕ್ಕ ಎಡಗೈ ತೋಳು ಮೇಲೆತ್ತಿದಳು. ಮುಂಗೈ ಮೇಲೆ ಹತ್ತಿಯ ಉಂಡೆ, ಅದರ ಮೇಲೆ ಅಡ್ಡಾದಿಡ್ಡಿ ಪಟ್ಟಿ. ಅಂಚು ಮಾಸಿ ಕಪ್ಪಾಗಿ ಎದ್ದಿತ್ತು.

‘ಎರಡು ದಿನ ಆತು,’ ಎಂದಳು. ‘ಬರೇ ಬಾಯಿಲೆ ಹೇಳಿದ್ರ ನೀ ನಂಬಂಗಿಲ್ಲಂತ ಕಿತ್ತಿಲ್ಲ. ಈಗ ನೀನೇ ಕೀಳು, ತುರಸ್ತದ.’

ಪ್ಲಾಟ್‌ಫಾರ್ಮಿನ ನಡುವೆ, ಜನ ನೋಡುತ್ತಿರುವಾಗ, ಅಳುತ್ತ ನಗುತ್ತ ನಾನು ಅವಳ ಕೈಮೇಲಿನ ಪಟ್ಟಿ ಕಿತ್ತೆ.